ಸೀಟು ಖಾಲಿಯಿಲ್ಲ

ಹನ್ನೊಂದು ಇಪ್ಪತ್ತಕ್ಕೆ ಇನ್ನೂ ಹತ್ತು ನಿಮಿಷ ಇರುವಾಗಲೇ ಸುಧಾರಾಣಿಯ ಅಂಗೈ ಬೆವರತೊಡಗಿತು. ಗಡಿಯಾರ ನೋಡಬಾರದೆಂದು ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟು ಕೂತವಳು, ಗಾಜಿನ ಮೇಲೆ ಹರಡಿದ ಯಾರದೋ ರಕ್ತದ ಬಿಳಿಕಣಗಳನ್ನು ಎಣಿಸುತ್ತ ಮೂವತ್ತೇಳಕ್ಕೆ ಬಂದು ಮರೆತಳು. ಮತ್ತೆ ಒಂದರಿಂದ ಹಿಡಿದಳು, ಮತ್ತೆ ಮರೆತಳು. ಹಾನಗಲ್ಲಿನ ಈ ಲ್ಯಾಬಿನಲ್ಲಿ ಹದಿನಾಲ್ಕು ವರ್ಷ ಊರವರ ರಕ್ತ, ಮೂತ್ರ, ಕಫ ನೋಡಿದ ಹೆಂಗಸು, ಎಣಿಕೆ ತಪ್ಪುವ ಪೈಕಿಯವಳಲ್ಲ. ಆದರೆ ಬಲಗಡೆಯ ಮೇಜಿನ ಮೇಲಿದ್ದ ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ಮೂರು ಪುಟ್ಟ ಕುರ್ಚಿಗಳ ಚಿತ್ರವಿತ್ತು. ಲ್ಯಾಬಿನ ಸಾಫ್ಟ್‌ವೇರಿನೊಳಗೆ ಯಾರಾದರೂ ಹೊಕ್ಕರೆ ಒಂದು ಕುರ್ಚಿ ಹಸಿರಾಗುತ್ತಿತ್ತು, ಹೊರಬಿದ್ದರೆ ಬೂದಿಬಣ್ಣಕ್ಕೆ ತಿರುಗುತ್ತಿತ್ತು. ಯಾರಾದರೂ ಕೇಳಿಕೊಂಡು ಒಳಗೆ ಬರಲಾಗದೆ ಹೋದರೆ, ಕುರ್ಚಿಗಳ ಕೆಳಗೆ ಒಂದು ಹಳದಿ ಚುಕ್ಕೆ ಮೂಡಿ, ಪಕ್ಕದಲ್ಲಿ ಊರಿನ ಹೆಸರು ತೋರಿಸಿ, ಒಂದು ಉಸಿರಿನಷ್ಟು ಹೊತ್ತು ಇದ್ದು ಮಾಯವಾಗುತ್ತಿತ್ತು. ಕಳೆದ ಏಳು ತಿಂಗಳಿಂದ, ರವಿವಾರ ಬಿಟ್ಟು ದಿನಾಲೂ, ಹನ್ನೊಂದು ಇಪ್ಪತ್ತಕ್ಕೆ ಸರಿಯಾಗಿ ಆ ಹಳದಿ ಚುಕ್ಕೆ ಮೂಡುತ್ತಿತ್ತು. ಊರು ಹಿರೇಕೆರೂರು.

ಹಿರೇಕೆರೂರಿನ ಶಾಖೆ ಮುಚ್ಚಿಯೂ ಏಳು ತಿಂಗಳಾಗಿತ್ತು. ಶಟರ್ ಎಳೆದು ಬೀಗ ಜಡಿದವಳು ಸುಧಾರಾಣಿಯೇ. ಅಲ್ಲಿನ ಕಂಪ್ಯೂಟರಿನ ಪ್ಲಗ್ಗು ಕಿತ್ತು, ವೈರು ಸುತ್ತಿ, ಪ್ಲಾಸ್ಟಿಕ್ ಮುಸುಕು ಹೊದಿಸಿ ಬಂದವಳೂ ಅವಳೇ. ಕೀಲಿ ಅವಳ ವ್ಯಾನಿಟಿ ಬ್ಯಾಗಿನ ಒಳಜೇಬಿನಲ್ಲಿದೆ. ಒಂದಲ್ಲ, ನೂರು ಸಲ ಮುಟ್ಟಿ ನೋಡಿಕೊಂಡಿದ್ದಾಳೆ. ಹಾಗಿದ್ದ ಮೇಲೆ ಎಳೆದ ಶಟರಿನ ಹಿಂದೆ, ಕರೆಂಟಿಲ್ಲದ ಕತ್ತಲಲ್ಲಿ, ಆ ಮುಸುಕಿನೊಳಗಿಂದ ದಿನವೂ ಅದೇ ಹೊತ್ತಿಗೆ ಒಳಗೆ ಬರಲೇ ಎಂದು ಕೇಳುವವರು ಯಾರು? ಹೋಗಿ ಬೀಗ ತೆಗೆದು ನೋಡಿದ್ದರೆ ಒಂದು ದಿನದ ಕೆಲಸ. ಹೋಗಿರಲಿಲ್ಲ. ಶಿಗ್ಗಾವಿ ಶಾಖೆಯ ಮಜೀದನಿಗೋ ಸವಣೂರಿನ ಪೂಜಾಳಿಗೋ ಹೇಳಿದರೆ ಕಣ್ಣು ತೋರಿಸಿಕೊಳ್ಳುವ ವಯಸ್ಸು ಬಂತೆಂದು ನಗುತ್ತಾರೆ. ನಗಲಿ, ಅದಕ್ಕೇನೂ ಅಂಜಿಕೆಯಿರಲಿಲ್ಲ. ನಗದೆ 'ಹೌದಾ?' ಎಂದು ಕೇಳಿ, ಅದು ಯಾರೆಂದು ಹುಡುಕಲು ಹೊರಟುಬಿಟ್ಟರೆ? ಹನ್ನೊಂದು ಇಪ್ಪತ್ತು ಎಂಬ ಹೊತ್ತಿನ ಗುರುತು ಅವಳಿಗಿತ್ತು. ಆವತ್ತು ಅವಳ ಮಡಿಲಲ್ಲಿ ಫೋನು ಮೊದಲ ಸಲ ನಡುಗಿದ್ದು ಆ ಹೊತ್ತಿಗೇ.

"ಮೇಡಂ, ಸಾವಕಾರ್ರು ಬಂದ್ರು," ಎಂದು ಚನ್ನೇಶ ಹೇಳಿದಾಗ ಬೆಚ್ಚಿ ಕಣ್ಣು ತೆಗೆದಳು. ಚನ್ನೇಶ ಸಾಫ್ಟ್‌ವೇರ್ ಕಂಪನಿಯವನು. ತಿಂಗಳ ಕೊನೆಗೆ ಲೈಸೆನ್ಸಿನ ಅವಧಿ ಮುಗಿಯುತ್ತದೆಂದು ಮುಂದಿನ ಮಾತಿಗೆ ಹುಬ್ಬಳ್ಳಿಯಿಂದ ಬೆಳಗಿನ ಬಸ್ಸಿಗೇ ಬಂದಿದ್ದ. ಸಾವಕಾರರೆಂದರೆ ಲ್ಯಾಬಿನ ಮಾಲೀಕ ಮಹಾಲಿಂಗಪ್ಪ. ಅಕ್ಕಿಆಲೂರಿನಲ್ಲಿ ಅಕ್ಕಿಗಿರಣಿ ಇರುವ ಮನುಷ್ಯ. ನಾಲ್ಕು ಊರಿನಲ್ಲಿ ರಕ್ತ ತಪಾಸಣೆಯ ಲ್ಯಾಬು ತೆರೆದದ್ದೂ ಗಿರಣಿಗೆ ಇನ್ನೊಂದು ಯಂತ್ರ ಕೂರಿಸಿದಷ್ಟೇ ಸಲೀಸಾಗಿ. ಕೆಟ್ಟವನೇನಲ್ಲ. ಹಣೆತುಂಬ ವಿಭೂತಿ, ಬಾಯಿತುಂಬ ನಗು, ಯಾರ ಮನೆಯ ದುಃಖಕ್ಕೂ ಮೊದಲು ಹೋಗಿ ನಿಲ್ಲುವವನು, ಮೊದಲು ಎದ್ದು ಬರುವವನು.

"ಹೇಳಪಾ ಚನ್ನೇಶ, ಈ ಸಲ ಏನ್ ಹೊಸಾದು?" ಎಂದು ಮಹಾಲಿಂಗಪ್ಪ ಕುರ್ಚಿ ಎಳೆದುಕೊಂಡ.

"ಮೂರು ದಾರಿ ಅದಾವ್ರಿ. ಒಂದು, ಈಗ ಇದ್ದಂಗ. ಸರ್ವರ್ ಇಲ್ಲೇ ನಿಮ್ಮ ಕೋಣ್ಯಾಗ, ಮೂರು ಸೀಟು, ವರ್ಷಕ್ಕೊಮ್ಮೆ ರಿನ್ಯೂವಲ್. ಎರಡು, ಸರ್ವರ್ ಇಲ್ಲೇ, ಸೀಟು ಅಷ್ಟ ಹೆಚ್ಚು ಮಾಡೂದು. ಮೂರನೇದು ಕ್ಲೌಡ್ ರಿ. ಈ ಪೆಟಿಗಿ ತಗದ ಬಿಡೂದು, ಎಲ್ಲಾ ನಮ್ಮ ಕಂಪನಿ ಕಡೆ ಇರತೈತಿ. ಅಲ್ಲಿ ಸೀಟಿನ ಲೆಕ್ಕ ಇಲ್ಲ, ಹೆಸರಿನ ಲೆಕ್ಕ. ಎಷ್ಟು ಮಂದಿ ಹೆಸರು ಬರಸ್ತೀರಿ, ಅಷ್ಟೂ ಮಂದಿ ಯಾವಾಗಂದ್ರ ಆವಾಗ ಒಳಗ. ಒಬ್ರನ್ನ ಒಬ್ರು ಕೇಳೂದ ಬ್ಯಾಡ."

"ಅಂದ್ರ ಸ್ವಂತ ಮನಿ ಬಿಟ್ಟು ಬಾಡಗಿ ಮನಿ ಹೊಕ್ಕಂಗ."

"ಸ್ವಂತದ್ದು ಈಗೂ ಅಲ್ರಿ ಸಾವಕಾರ್ರ. ಪೆಟಿಗಿ ಅಷ್ಟ ನಿಮ್ಮದು. ಒಳಗಿನ ಸಾಫ್ಟ್‌ವೇರ್ ಬಳಸಾಕ ನಾವು ಕೊಟ್ಟದ್ದು ಒಂದು ಅಪ್ಪಣಿ."

ಮಹಾಲಿಂಗಪ್ಪ ನಕ್ಕ. ನಾಲ್ಕು ವರ್ಷದ ಹಿಂದೆಯೂ ಇದೇ ಕುರ್ಚಿಯಲ್ಲಿ ಕೂತು ಹೀಗೇ ನಕ್ಕಿದ್ದ. ಒಂದು ಮಷೀನಿಗೆ ಒಂದು ಲೈಸೆನ್ಸ್ ಅಂದ್ರ ಮನಿ ಎತ್ತು ಇದ್ದಂಗ, ಗೂಟ ಬಿಟ್ಟು ಹೋಗೂದಿಲ್ಲ. ಹೆಸರಿಗೆ ಲೈಸೆನ್ಸ್ ಅಂದ್ರ ರೇಶನ್ ಕಾರ್ಡು. ಯಾರ ಬೇಕಾದ್ರೂ ಮೂರು ಮಂದಿ ಅಂದ್ರ ಬಸ್ಸಿನ ಸೀಟು, ಬಂದವರು ಕುಂದರ್ಲಿ, ಎದ್ದವರು ಹೋಗ್ಲಿ ಎಂದು ತಾನೇ ವ್ಯಾಖ್ಯಾನ ಮಾಡಿ, ನಾಲ್ಕು ಶಾಖೆಗೆ ಮೂರೇ ಸೀಟು ಕೊಂಡಿದ್ದ. ನಾಕೂ ಮಂದಿ ಒಮ್ಮೆಲೆ ಏನ್ ಬರಿಯಾಕತ್ತಿರ್ತಾರ, ಒಬ್ರು ಚಾ ಕುಡಿಯಾಕ ಹೋಗಿರ್ತಾರ ಬಿಡ್ರಿ ಎಂದಿದ್ದ. ಹಾಗಾಗಿ ನಾಲ್ಕೂ ಊರಿನವರು ದಿನವಿಡೀ ಫೋನಿನಲ್ಲಿ ಒಬ್ಬರನ್ನೊಬ್ಬರು ಹೊರಗೆ ಕರೆಯುವ ರೂಢಿ ಬಿತ್ತು: ಅಕ್ಕಾರ, ಒಂದೀಟು ಹೊರಗ ಬರ್ರಿ, ನಾ ಒಳಗ ಬರ್ತೇನಿ. ಮಜೀದ ತಮಾಷೆ ಮಾಡಿ ಸೀಟು ಬಿಡುತ್ತಿದ್ದ, ಪೂಜಾ ಮುನಿಸಿಕೊಂಡು ಬಿಡುತ್ತಿದ್ದಳು. ಹಿರೇಕೆರೂರಿನ ರಾಜಶ್ರೀ ಮಾತ್ರ ಕೇಳುವ ಮೊದಲೇ ಬಿಡುತ್ತಿದ್ದಳು. ಒಂದು ದಿನ ಬಿಡಲಿಲ್ಲ. ಸುಧಾರಾಣಿ ಚಹಾ ಕುಡಿದು ಬಂದರೆ ಸೀಟು ಹೋಗಿತ್ತು; ಕೌಂಟರಿನಲ್ಲಿ ಊರಿನ ದೊಡ್ಡ ಡಾಕ್ಟರು ಮೇಜಿಗೆ ಬೆರಳು ಬಡಿಯುತ್ತ ನಿಂತಿದ್ದರು. ಫೋನು ಮಾಡಿ, ಸೀಟು ಬಿಡವಾ ರಾಜಶ್ರೀ ಎಂದರೆ, ಎರಡ ನಿಮಿಷ ತಡೀರಿ ಅಕ್ಕಾರ, ಒಂದು ರಿಪೋರ್ಟ್ ಐತಿ ಎಂದಳು. ಅದರಲ್ಲಿ ಉದ್ಧಟತನವೇನೂ ಇರಲಿಲ್ಲ. ಆದರೂ ಆ ಎರಡು ನಿಮಿಷ ಡಾಕ್ಟರರ ಮುಂದೆ ಕೈಕಟ್ಟಿ ನಿಂತದ್ದು ಸುಧಾರಾಣಿಯ ಹೊಟ್ಟೆಯೊಳಗೆ ಕೂತುಬಿಟ್ಟಿತು. ರಾಜಶ್ರೀಯ ತಾಯಿ ಗುತ್ತೆವ್ವ ಮಗಳನ್ನು ಕೆಲಸಕ್ಕೆ ಸೇರಿಸಲು ಮಾಸೂರಿನಿಂದ ಸುಧಾರಾಣಿಯ ಮನೆಗೆ ಬಂದಾಗ ಕಟ್ಟೆಯ ಮೇಲೇ ಕೂತಿದ್ದಳು. ಒಳಗ ಬಂದು ಕುಂದರ್ರಿ ಎಂದು ತಾನು ಒಂದೇ ಸಲ, ಮೆಲ್ಲಗೆ ಹೇಳಿದ್ದು. ಇರ್ಲಿ ಬಿಡ್ರಿ ಎಂದು ಅವಳೆಂದಾಗ ಹಗುರಾದದ್ದು. ಚಹಾ ಕೊಟ್ಟ ಸ್ಟೀಲ್ ಲೋಟವನ್ನು ಬೇರೆ ಇಡಬೇಕೇ ಎಂದು ಒಂದು ಗಳಿಗೆ ಯೋಚಿಸಿ, ಯೋಚಿಸಿದ್ದಕ್ಕೆ ನಾಚಿ, ಉಳಿದವುಗಳ ಜೊತೆಗೇ ತೊಳೆದದ್ದು. ಇವೆಲ್ಲ ಆ ಎರಡು ನಿಮಿಷದಲ್ಲಿ ಯಾಕೆ ನೆನಪಾದವೋ. ಮರುದಿನದಿಂದ ಸುಧಾರಾಣಿ ಸೀಟು ಬಿಡಲಿಲ್ಲ.

ಬಿಡದಿರುವುದೂ ಸುಲಭವಿರಲಿಲ್ಲ. ಹದಿನೈದು ನಿಮಿಷ ಏನೂ ಬರೆಯದೆ ಕೂತರೆ ಸೀಟು ತಾನಾಗಿ ಖಾಲಿಯಾಗುವಂತೆ ಕಂಪನಿಯವರು ಮಾಡಿಟ್ಟಿದ್ದರು. ಅದಕ್ಕೆ ಅವಳೊಂದು ಉಪಾಯ ಕಂಡುಕೊಂಡಳು. ಇಲ್ಲದ ರೋಗಿಯೊಬ್ಬನ ಹೆಸರಲ್ಲಿ ಒಂದು ಪುಟ ತೆರೆದು, ಕೀಬೋರ್ಡಿನ ಉದ್ದ ಗುಂಡಿಯ ಮೇಲೆ ದಪ್ಪ ಸ್ಟೇಪ್ಲರ್ ಇಟ್ಟು ಹೋಗುವುದು. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ. ಅವಳು ಊಟಕ್ಕೆ ಹೋದರೂ ಮನೆಗೆ ಹೋದರೂ, ಆ ಪುಟದಲ್ಲಿ ಏನೂ ಇಲ್ಲದ ಜಾಗ ಸಾಲುಸಾಲಾಗಿ ಬೆಳೆಯುತ್ತಿತ್ತು, ಸರ್ವರು ಅದನ್ನೇ ಬರವಣಿಗೆಯೆಂದು ನಂಬಿ ಕುರ್ಚಿಯನ್ನು ಹಸಿರಾಗಿಯೇ ಇಟ್ಟಿರುತ್ತಿತ್ತು. ಒಮ್ಮೆ ಕುತೂಹಲಕ್ಕೆ ಆ ಪುಟದ ಕೊನೆ ನೋಡೋಣವೆಂದು ಕೆಳಗೆ ಹೋಗತೊಡಗಿದಳು. ಹೋದಳು, ಹೋದಳು, ಬಿಳಿ ಮುಗಿಯಲೇ ಇಲ್ಲ. ಆ ಬಿಳಿಯ ತಳದಲ್ಲಿ ಯಾರೋ ಕೂತು ತನ್ನ ದಾರಿ ಕಾಯುತ್ತಿದ್ದಾರೆ ಅನ್ನಿಸಿ ತಟ್ಟನೆ ಮುಚ್ಚಿದ್ದಳು.

ಮಹಾಲಿಂಗಪ್ಪನಿಗೆ ಗಿರಣಿಯಿಂದ ಫೋನು ಬಂದು ಪಡಸಾಲೆಗೆ ಎದ್ದು ಹೋದ. ಅದೇ ಹೊತ್ತಿಗೆ ಪರದೆಯ ಮೂಲೆಯಲ್ಲಿ ಹಳದಿ ಚುಕ್ಕೆ ಮೂಡಿತು.

"ಇದೇನ್ರಿ, ಹಿರೇಕೆರೂರ?" ಚನ್ನೇಶ ಬಾಗಿ ನೋಡಿದ. "ಅದು ಬಂದ್ ಆಗೇತಿ ಅಂದಿದ್ರಿ?"

ಸುಧಾರಾಣಿಗೆ ಮೊದಲು ಆದದ್ದು ಸಮಾಧಾನ. ಇನ್ನೊಬ್ಬರ ಕಣ್ಣಿಗೂ ಕಂಡಿತಲ್ಲ, ತನ್ನ ತಲೆ ಕೆಟ್ಟಿಲ್ಲ ಎಂದು. ಚನ್ನೇಶ ತನ್ನ ಲ್ಯಾಪ್‌ಟಾಪಿನಲ್ಲಿ ಏನೋ ಒತ್ತಿ ಒಂದು ಪಟ್ಟಿ ತೆಗೆದ. "ಒಳಗ ಬಿಡದ ಮಂದಿದೆಲ್ಲಾ ಸರ್ವರ್ ಬರಕೊಂಡಿರತೈತ್ರಿ. ಎಷ್ಟ ಸೀಟು ಕಡಿಮಿ ಬಿದ್ದಾವ ಅಂತ ತಿಳೀಲಿ ಅಂತ." ಪಟ್ಟಿಯ ಕೊನೆಗೆ ಹಿರೇಕೆರೂರಿನ ನೂರಾ ತೊಂಬತ್ತಾರು ಸಾಲುಗಳಿದ್ದವು. ನೂರಾ ತೊಂಬತ್ತಾರಕ್ಕೂ ಒಂದೇ ಹೆಸರು, ರಾಜಶ್ರೀ ನೀಲಪ್ಪ ಮಾಸೂರು. ಕೆಲಸದಿಂದ ತೆಗೆದ ಮೇಲೆ ದಿನಕ್ಕೊಂದು ಸಲದಂತೆ ಬಿದ್ದ ಕೆಳಗಿನ ಸಾಲುಗಳಲ್ಲಿ, ಹೆಸರು ಪಟ್ಟಿಯಲ್ಲಿಲ್ಲ ಎಂಬ ಕಾರಣ. ಮೇಲಿನ ಹದಿನಾಲ್ಕು ಸಾಲು ಮಾತ್ರ ಒಂದೇ ದಿನದವು, ಜುಲೈ ಹದಿನೇಳು. ಹನ್ನೊಂದು ಇಪ್ಪತ್ತರಿಂದ ಮೂರು ಗಂಟೆಯವರೆಗೆ. ಕಾರಣ, ಸೀಟು ಖಾಲಿಯಿಲ್ಲ. ಸೀಟಿನಲ್ಲಿ ಕೂತವರ ಹೆಸರು ಪಕ್ಕದಲ್ಲೇ ಇದ್ದವು: ಮಜೀದ, ಪೂಜಾ, ಸುಧಾರಾಣಿ.

"ಅವತ್ತ ಭಾಳ ಬರದೀರಿ ನೋಡ್ರಿ ಮೇಡಂ. ಮುಂಜಾನೆ ಹತ್ತರಿಂದ ಮೂರರ ತನಕಾ ಕೈ ಬಿಟ್ಟಿಲ್ಲ," ಎಂದ ಚನ್ನೇಶ. ಪಾಪ, ಹೊಗಳಿಯೇ ಹೇಳಿದ್ದು.

ಅಂದು ಅವಳು ಅಕ್ಕನ ಬಸುರಿ ಮಗಳ ಕುಬಸದಲ್ಲಿದ್ದಳು. ಹಸಿರು ಬಳೆ ತೊಟ್ಟ ಹೆಂಗಸರ ನಡುವೆ, ಮಡಿಲಲ್ಲಿದ್ದ ಫೋನು ನಡುಗಿತು. ರಾಜಶ್ರೀ ಎಂಬ ಹೆಸರು ಕಂಡು, ಸೀಟು ಕೇಳಲಿಕ್ಕೆ, ಕಾಯಲಿ ಎಂದುಕೊಂಡು ಫೋನನ್ನು ಬೋರಲು ಹಾಕಿದಳು. ಮತ್ತೆ ಮೂರು ಸಲ ನಡುಗಿತು. ಎರಡನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಂಡದ್ದು ಮೂರನೆಯ ಸಲ ನಡುಗಿದಾಗಲೇ, ಆ ತುಪ್ಪದ ಕಂಪು ಸಹಿತ ನೆನಪಿದೆ. ಆ ಹೊತ್ತಿಗೆ ಹಿರೇಕೆರೂರಿನಲ್ಲಿ ರಾಜಶ್ರೀಯ ಕೈಯಲ್ಲಿ ಫಕ್ಕೀರೇಶ ಎಂಬ ಮಾಸೂರಿನ ಕೂಲಿಯವನ ರಕ್ತದ ಫಲಿತಾಂಶವಿತ್ತು. ಡೆಂಗಿ, ಪ್ಲೇಟ್‌ಲೆಟ್ಟು ಒಂಬತ್ತು ಸಾವಿರಕ್ಕೆ ಇಳಿದಿತ್ತು. ಮಜೀದ, ಪೂಜಾ ಇಬ್ಬರ ಫೋನೂ ಅಂದು ಹತ್ತಲಿಲ್ಲವಂತೆ; ಅವಳು ಚೀಟಿಯಲ್ಲಿ ಬರೆದುಕೊಂಡು ಎದುರಿನ ದವಾಖಾನೆಗೆ ಓಡಿದಳಂತೆ. ಕಂಪ್ಯೂಟರಿನದಲ್ಲದ ಚೀಟಿ ನಾವು ತಗೊಳ್ಳೂದಿಲ್ಲ ಎಂದರಂತೆ. ಕೈಬರಹದ ವರದಿ ಯಾರೂ ಕೊಡಬಾರದು, ಕೊಟ್ಟರೆ ಒಪ್ಪಬೇಡಿ ಎಂದು ನಾಲ್ಕೂ ಊರಿನ ದವಾಖಾನೆಗಳಿಗೆಲ್ಲ ಸಹಿ ಹಾಕಿ ಕಳಿಸಿದವಳೂ ಸುಧಾರಾಣಿಯೇ. ಮೂರು ಗಂಟೆ ದಾಟಿ ಅವಳು ಲ್ಯಾಬಿಗೆ ಬಂದು ಸ್ಟೇಪ್ಲರ್ ಎತ್ತಿದ ಮೇಲೆ ವರದಿ ಹೋಯಿತು. ದಾವಣಗೆರೆಗೆ ಒಯ್ಯುವ ಗಾಡಿಯಲ್ಲಿ ಫಕ್ಕೀರೇಶ ರಾಣೆಬೆನ್ನೂರು ದಾಟಲಿಲ್ಲ. ಮಂದಿ ಬಂದು ಶಟರಿಗೆ ಕಲ್ಲು ಹೊಡೆದರು. ಮಹಾಲಿಂಗಪ್ಪ ಗಿರಣಿಯ ಕಚೇರಿಯಲ್ಲಿ ಎಲ್ಲರನ್ನೂ ಕೂರಿಸಿ ಕೇಳಿದ: ಹದಿನಾಲ್ಕು ಸಲ ಬಾಗಿಲಾ ಬಡದೆ ಅಂತಾಳ, ಫೋನ್ ಮಾಡಿದೆ ಅಂತಾಳ, ನಿನಗ ಬಂದಿತ್ತೇನವಾ? ಸುಧಾರಾಣಿ ಇಲ್ರಿ ಎಂದಳು. ಫೋನಿನಿಂದ ನಾಲ್ಕು ಸಾಲು ಅಳಿಸಿಯೇ ಹೋಗಿದ್ದಳು. ಸೀಟು? ಖಾಲಿ ಇತ್ತಲ್ರಿ ಎಂದಳು. ರಾಜಶ್ರೀ ಅವಳನ್ನು ನೋಡಿದಳು, ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು.

"ಸಾವಕಾರ್ರಿಗೆ ಇದನ್ನ ತೋರಸ್ಲ್ಯಾ?" ಎಂದು ಚನ್ನೇಶ ಕೇಳುತ್ತಿದ್ದ.

"ಬ್ಯಾಡ ಬಿಡ್ರಿ. ಅವರಿಗೆ ಇವೆಲ್ಲಾ ತಿಳಿಯೂದಿಲ್ಲ, ಸುಮ್ನ ತಲಿ ತಿಂತಾರ." ತನ್ನ ದನಿ ಎಷ್ಟು ಸಹಜವಾಗಿದೆಯಲ್ಲ ಎಂದು ಅವಳಿಗೇ ಅಚ್ಚರಿ. ಆಮೇಲೆ, ಕೇಳಬಾರದೆಂದುಕೊಂಡೇ ಕೇಳಿದಳು, "ಕ್ಲೌಡಿಗೆ ಹೋದ್ರ ಈ ಪಟ್ಟಿನೂ ಬರತೈತೇನ್ರಿ?"

"ಇಲ್ರಿ. ಪೇಶಂಟ್ ರಿಪೋರ್ಟ್ ಅಷ್ಟ ಬರ್ತಾವ. ಅಲ್ಲಿ ಸೀಟ ಇಲ್ಲಂದ ಮ್ಯಾಲೆ ಸೀಟಿನ ಪಟ್ಟಿ ಯಾಕ ಬೇಕ್ರಿ? ಹಳೇ ಸರ್ವರ್ ಪೂರಾ ಒರಸಿ ಸಾವಕಾರ್ರ ಗಿರಣಿಗೆ ಕೊಡೂದು."

ಮಹಾಲಿಂಗಪ್ಪ ಒ‍ಳಗೆ ಬಂದ. ಹಿರೇಕೆರೂರಿನ ಕಂಪ್ಯೂಟರ್ ಈಗಲೂ ಒಳಗೆ ಬರಲು ನೋಡುತ್ತಿದೆ ಎಂದು ಚನ್ನೇಶ ಹೇಳಿದಾಗ ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. "ಅದು ಹಿರೇಕೆರೂರಾಗ ಎಲ್ಲೈತಿ? ಬಂದ್ ಮಾಡಿದ ವಾರಕ್ಕ ನನ್ನ ಕಡೆ ಇದ್ದ ಕೀಲಿಲೆ ಬಾಗಿಲಾ ತಗದು ಕಂಪ್ಯೂಟರ್ ಆ ರಾಜಶ್ರೀ ಅಣ್ಣಗ ಕೊಟ್ಟ ಬಿಟ್ಟೆ. ಕೊಟ್ರೇಶ, ನಮ್ಮ ಗಿರಣ್ಯಾಗ ಇದ್ದಾನಲ್ಲ. ತಂಗಿ ಕಲೀತಾಳ ಅಂದ. ಪಾಪ, ಕಲೀಲಿ ಅಂದೆ." ಅವನು ಸುಧಾರಾಣಿಯ ಕಡೆ ತಿರುಗಿದ. "ಏನವಾ, ನೀ ಹೇಳು. ಇದನ್ನ ದಿನಾ ಹಿಡಿದು ದುಡಿಯಾಕಿ ನೀನು. ಇಲ್ಲೇ ಇಟಕೊಳ್ಳೂಣೋ, ಮ್ಯಾಲೆ ಕಳಸೂಣೋ?"

ಹೀಗೆ ಇಷ್ಟು ಸಲೀಸಾಗಿ, ಅಕ್ಕಿಯ ಮಾದರಿ ಅಂಗೈಗೆ ಹಾಕಿದ ಹಾಗೆ, ಅದು ಅವಳ ಕೈಗೆ ಬಂತು. ಇಲ್ಲೇ ಇರಲಿ ಎಂದರೆ ಪಟ್ಟಿ ಇಲ್ಲೇ ಇರುತ್ತದೆ, ಬಾಗಿಲು ಬಡಿಯುವುದೂ ನಿಲ್ಲುವುದಿಲ್ಲ, ಇವತ್ತಲ್ಲ ನಾಳೆ ಯಾರೋ ಓದುತ್ತಾರೆ. ಕ್ಲೌಡ್ ಎಂದರೆ ಎಲ್ಲ ಬಿಳಿ. ಅದಕ್ಕೆ ಒಂದು ಒಳ್ಳೆಯ ಕಾರಣವೂ ಇತ್ತಲ್ಲ. ಸುಳ್ಳು ಕಾರಣವೂ ಅಲ್ಲ, ಖರೇ ಕಾರಣ. ಅದೇ ಅವಳನ್ನು ಹೆದರಿಸಿತು.

"ಕ್ಲೌಡ ಛಲೋರಿ ಸಾವಕಾರ್ರ," ಎಂದಳು. "ಇನ್ನ ಮ್ಯಾಲೆ ಯಾರಿಗೂ ಸೀಟ್ ಇಲ್ಲ ಅನ್ನಂಗಿಲ್ಲ."

"ಶಹಾಣೆ ಮಾತು," ಎಂದ ಮಹಾಲಿಂಗಪ್ಪ.

ಮೂರು ಗಂಟೆಗೆ ಹಳೆಯ ಸರ್ವರ್ ಒರೆಸಿ ಮುಚ್ಚುವುದೆಂದಾಯಿತು. ಮಾಸೂರಿನಲ್ಲಿ ರಾಜಶ್ರೀಯ ಮನೆಯಲ್ಲಿದ್ದ ಕಂಪ್ಯೂಟರಿನಿಂದ ಸಾಫ್ಟ್‌ವೇರನ್ನು ತೆಗೆದುಹಾಕಬೇಕು, ಲೈಸೆನ್ಸ್ ಇಲ್ಲದ ಕಡೆ ಅದು ಇರಬಾರದು ಎಂದ ಚನ್ನೇಶ. ಯಾರು ಹೋಗುತ್ತೀರಿ ಎಂದು ಯಾರೂ ಕೇಳುವ ಮೊದಲೇ ಸುಧಾರಾಣಿ ತಾನೇ ಹೋಗುತ್ತೇನೆ ಎಂದಳು. ಯಾಕೆ ಹೇಳಿದೆನೆಂದು ತಿಳಿಯುವಷ್ಟರಲ್ಲಿ ಹಿರೇಕೆರೂರು ಬಸ್ಸಿನಲ್ಲಿ ಕೂತಿದ್ದಳು. ಅಕ್ಕಿಆಲೂರು ದಾಟಿತು, ತಿಳವಳ್ಳಿ ದಾಟಿತು. ಕೊಯ್ದ ಗದ್ದೆಗಳು ಬಿಸಿಲಲ್ಲಿ ಬಿದ್ದಿದ್ದವು, ಮಾವು ಹೂಬಿಟ್ಟಿತ್ತು. ಫೋನು ಕೈಯಲ್ಲೇ ಇತ್ತು, ಚನ್ನೇಶನ ನಂಬರು ತೆರೆದೇ ಇತ್ತು. ಆ ಪಟ್ಟಿಯ ಒಂದು ನಕಲು ತೆಗೆದಿಡ್ರಿ ಎಂದರೆ ಅವನು ತೆಗೆದಿಡುತ್ತಾನೆ, ಅಷ್ಟೇ ಕೆಲಸ. ನೆಟ್‌ವರ್ಕ್ ಇಲ್ಲ ಎಂದುಕೊಂಡಳು. ನೋಡಿದರೆ ಇತ್ತು. ಇನ್ನೂ ಹೊತ್ತಿದೆ ಎಂದುಕೊಂಡಳು. ಪರದೆಯ ಬೆಳಕು ಆರುವಾಗಲೆಲ್ಲ ಹೆಬ್ಬೆರಳಿನಿಂದ ಮುಟ್ಟಿ ಎಚ್ಚರಿಸುತ್ತಿದ್ದಳು. ಆಮೇಲೆ ಅದನ್ನೂ ಬಿಟ್ಟಳು.

ಹಿರೇಕೆರೂರಿನಲ್ಲಿ ಇಳಿದವಳು ನೇರ ಮಾಸೂರಿಗೆ ಗಾಡಿ ಹತ್ತಬಹುದಿತ್ತು. ಕಾಲು ಶಾಖೆಯ ಕಡೆಗೇ ನಡೆದವು. ಕೀಲಿ ತಿರುಗಿತು, ಶಟರ್ ಒಂದಾಳು ಬಾಗುವಷ್ಟು ಎದ್ದಿತು. ಮೇಜಿನ ಮೇಲೆ ಕಂಪ್ಯೂಟರಿರಲಿಲ್ಲ. ಅದಕ್ಕೆ ಹೊದಿಸಿದ್ದ ಪ್ಲಾಸ್ಟಿಕ್ ಮುಸುಕು ಮಾತ್ರ ಒಳಗೆ ಏನೋ ಇರುವ ಹಾಗೆ ತನ್ನ ಆಕಾರ ಬಿಡದೆ ನಿಂತಿತ್ತು. ಇಲ್ಲಿ ಯಾರೂ ಇಲ್ಲ, ಇರಲೂ ಇಲ್ಲ. ಏಳು ತಿಂಗಳು ತಾನು ಹೆದರಿದ್ದು ಖಾಲಿ ಕೋಣೆಗೆ. ಈ ಮಾತಿನಿಂದ ಧೈರ್ಯ ಬರಬೇಕಿತ್ತು. ಗೋಡೆಯ ಮೇಲೆ ಅವಳದೇ ಸಹಿಯ ಕಾಗದ ಇನ್ನೂ ಅಂಟಿಕೊಂಡಿತ್ತು: ಕೈಬರಹದ ವರದಿ ಕೊಡತಕ್ಕದ್ದಲ್ಲ. ಹರಿದು ಹಾಕಬೇಕೆಂದು ಕೈ ಎತ್ತಿದಳು. ಸಹಿಯ ಮೇಲೆ ಜೇಡವೊಂದು ಕೂತಿತ್ತು, ಕೈ ಹತ್ತಿರ ಬಂದರೂ ಏಳಲಿಲ್ಲ. ಅವಳು ಶಟರ್ ಎಳೆದು ಬೀಗ ಹಾಕಿ, ಎರಡೆರಡು ಸಲ ಜಗ್ಗಿ ನೋಡಿ, ಮಾಸೂರಿನ ಟಂಟಂ ಆಟೊ ಹತ್ತಿದಳು.

ಮದಗದ ಕೆರೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ನೀಲಪ್ಪನ ಮನೆ ಯಾವುದೆಂದು ಕೇಳಿದರೆ ಬಾವಿಕಟ್ಟೆಯ ಹೆಂಗಸೊಬ್ಬಳು ಮಾತಾಡದೆ ಗದ್ದದಿಂದ ತೋರಿಸಿದಳು. ಗುತ್ತೆವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು; ಗುರುತು ಹಿಡಿದು, ಮೊರ ಬಿಟ್ಟು, ಸೆರಗು ಸರಿಮಾಡುತ್ತ ಎದ್ದಳು. "ಯವ್ವಾ, ಅಕ್ಕಾರು ಬಂದಾರ! ಒಳಗ ಬರ್ರಿ, ಕುಂದರ್ರಿ." ಒಳಗೆ ಒಂದೇ ಕುರ್ಚಿ ಇತ್ತು. ಅದು ಕಂಪ್ಯೂಟರಿನ ಮುಂದಿತ್ತು, ರಾಜಶ್ರೀ ಅದನ್ನು ಸೆರಗಿನಿಂದ ಒರೆಸಿ ಸುಧಾರಾಣಿಗೆ ಬಿಟ್ಟುಕೊಟ್ಟು ತಾನು ನೆಲಕ್ಕೆ ಕೂತಳು. ಸೊರಗಿದ್ದಳು. ಇಪ್ಪತ್ತಾರರ ಹುಡುಗಿಯ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

"ಕೆಲಸ ಎಲ್ಲಾದ್ರೂ...?" ಎಂದಳು ಸುಧಾರಾಣಿ.

"ಎಲ್ಲಿ ಕೊಡ್ತಾರ್ರಿ? ಮೊದಲ ಎಲ್ಲಿದ್ದಿ ಅಂತ ಕೇಳ್ತಾರ. ಹೇಳಿದ ಕೂಡಲೇ, ಆ ರಿಪೋರ್ಟ್ ಇಟಕೊಂಡು ಕುಂತಾಕಿ ನೀನ ಏನು ಅಂತಾರ." ಅವಳು ನೆಲ ಕೆರೆದಳು. "ಅದು ಹೋಗ್ಲಿ ಬಿಡ್ರಿ. ಫಕ್ಕೀರೇಶನ ಹೇಂತಿ ಇರಮ ನಮ್ಮ ಓಣ್ಯಾಕೀನ. ಸಣ್ಣಾಕಿದ್ದಾಗಿಂದ ಕೂಡಿ ಆಡಿದವರು ನಾವು. ನನ್ನ ಕಂಡ್ರ ಕೊಡಾ ಕೆಳಗಿಟ್ಟು ಹೊಳ್ಳಿ ಹೋಗ್ತಾಳ. ನೀರ ಬಿಟ್ಟು ಹೋಗ್ತಾಳ್ರಿ ಅಕ್ಕಾರ, ನನ್ನ ಮಾರಿ ನೋಡಬಾರದಂತ."

ದಾರಿ ತೋರಿಸಿದವಳ ಗದ್ದ ಸುಧಾರಾಣಿಗೆ ನೆನಪಾಯಿತು. ಏನಾದರೂ ಹೇಳಬೇಕೆಂದು, "ಇದನ್ನ ದಿನಾ ತಗೀತಿಯೇನು?" ಎಂದು ಕಂಪ್ಯೂಟರ್ ತೋರಿಸಿದಳು.

"ಹೂನ್ರಿ. ದಿನಾ ಹನ್ನೊಂದು ಇಪ್ಪತ್ತಕ್ಕ. ಅಣ್ಣನ ಹಳೇ ಫೋನಿನ ಇಂಟರ್‌ನೆಟ್ ಹಚ್ಚಿ." ರಾಜಶ್ರೀ ಮೊದಲ ಸಲ ಮುಖವೆತ್ತಿ ನೋಡಿದಳು. "ಟ್ರೇನಿಂಗಿನಾಗ ಚನ್ನೇಶ ಸರ್ ಹೇಳಿದ್ರಲ್ರಿ, ಒಳಗ ಬಿಟ್ರೂ ಬಿಡದಿದ್ರೂ ಸರ್ವರ್ ಬರಕೋತೈತಿ ಅಂತ. ಅವತ್ತಿಂದೂ ಬರಕೊಂಡಿರತೈತಿ. ಹದಿನಾಕು ಸಲ. ಹದಿನಾಕ ಸಾಲು ಯಾರ ಕಣ್ಣಿಗಾದ್ರೂ ತಪ್ಪಬಹುದು. ಅದಕ್ಕ ದಿನಾ ಒಂದು ಕೂಡಸ್ತೇನಿ. ಹಾಳಿ ತುಂಬ ನನ್ನ ಹೆಸರ ಆದ್ರ ಯಾರಾದ್ರೂ ಒಬ್ರು, ಯಾಕಿದು ಅಂತ ಮ್ಯಾಲಿನ ತನಕಾ ಓದ್ತಾರಲ್ರಿ? ಓದಿದವರ ಕಡೆ ಒಂದು ಹಾಳಿ ಇಸಕೊಂಡು ಇರಮಗ ತೋರಸ್ಬೇಕು. ನೋಡವಾ, ನಾ ಬಾಗಿಲಾ ಬಡದಿದ್ದೆ ಅಂತ. ಕೆಲಸ ಕೊಡದಿದ್ರೂ ಅಡ್ಡಿಯಿಲ್ಲ."

"ನನಗ ಹೇಳಬೇಕಿತ್ತಲ್ಲ."

"ನಿಮಗ ಏನಂತ ಹೇಳ್ಲಿರಿ? ಅವತ್ತ ನಿಮಗ ಫೋನ್ ಹತ್ತಲಿಲ್ಲ. ರಿಂಗ್ ಆಗಿದ್ದು ನನಗ ಕೇಳತಿತ್ತು, ನಿಮ್ಮ ಕಡೆ ಬಂದಿರಂಗಿಲ್ಲ, ನೆಟ್‌ವರ್ಕ್ ಇರಬೇಕು. ಬಂದಿದ್ರ ನೀವು ಬಿಡ್ತಿದ್ರಿ. ಅದು ನನಗ ಗೊತ್ತೈತಿ."

ಗೋಡೆಯ ಗಡಿಯಾರ ಎರಡು ನಲವತ್ತೆಂಟು ತೋರಿಸುತ್ತಿತ್ತು. ಹನ್ನೆರಡು ನಿಮಿಷ. 'ತಡೀರಿ ಚನ್ನೇಶ', ಎರಡು ಶಬ್ದ. ಫೋನು ಬ್ಯಾಗಿನಲ್ಲಿತ್ತು, ಬ್ಯಾಗು ತೊಡೆಯ ಮೇಲಿತ್ತು, ಕೈ ಬ್ಯಾಗಿನ ಮೇಲಿತ್ತು. ಅಷ್ಟರಲ್ಲಿ ಗುತ್ತೆವ್ವ ಅಡಿಗೆಯ ಮೂಲೆಯಿಂದ ಬಂದು ಕಂಬದ ಹತ್ತಿರ ನಿಂತಳು. ಕೈಯಲ್ಲಿ ಬಸಿ ಕಪ್ಪು, ಹೊಸದು, ಈಗಷ್ಟೇ ಗೂಡಿನಿಂದ ಇಳಿಸಿದ್ದು. "ಚಾ ಮಾಡೇನಿ. ಕುಡೀತೀರೇನ್ರಿ ಅಕ್ಕಾರ?" ಎಂದಳು. ಬೇಡವೆಂದರೆ ಒಳಗೆ ಒಯ್ಯಲು ಕಾಲು ಆಗಲೇ ತಿರುಗಿತ್ತು.

"ಯಾಕ ಕುಡಿಯೂದಿಲ್ರಿ? ಕೊಡ್ರಿ," ಎಂದು ಸುಧಾರಾಣಿ ಎರಡೂ ಕೈ ಚಾಚಿದಳು. ಗುತ್ತೆವ್ವನ ಕಣ್ಣು ತುಂಬಿತು. ಚಹಾ ಸುಡುತ್ತಿತ್ತು. ಅವಳು ಬಸಿಗೆ ಹುಯ್ದುಕೊಂಡು, ಊದಿ, ಒಂದು ಗುಟುಕು ಕುಡಿದು, ಮತ್ತೆ ಹುಯ್ದುಕೊಂಡಳು. ಈ ಮನೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದೇನೆ ಎಂಬ ದೊಡ್ಡಸ್ತಿಕೆ ಒಳಗೆ ಬೆಚ್ಚಗೆ ಇಳಿಯಿತು. ನಡುವೆ ಎದ್ದು ಫೋನು ಮಾಡಿದರೆ ಪಾಪ ಮುದುಕಿಗೆ ಅಪಮಾನವಾದೀತು ಎಂದು ಮನಸ್ಸು ಎಷ್ಟು ಚಂದದ ನೆಪ ಹುಡುಕಿ ಕೊಟ್ಟಿತು. ಅದು ನೆಪವೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ತಳದ ಸಕ್ಕರೆಯವರೆಗೆ ನಿಧಾನವಾಗಿ ಕುಡಿದಳು. ಛಲೋ ಆಗೇತ್ರಿ ಎಂದಳು. ಇನ್ನೊಂದೀಟು ಹಾಕ್ಲ್ಯಾ ಎಂದಾಗ ಬೇಡವೆನ್ನಲಿಲ್ಲ. ಎರಡನೆಯ ಕಪ್ಪು ಮುಗಿದಾಗ ಮೂರು ದಾಟಿ ನಾಲ್ಕು ನಿಮಿಷವಾಗಿತ್ತು.

"ಅಕ್ಕಾರ, ನೀವೂ ಒಮ್ಮೆ ನೋಡ್ರಿ, ಹೆಂಗ ಬರತೈತಿ ಅಂತ," ಎಂದು ರಾಜಶ್ರೀ ಎದ್ದು ಬಂದು, ಅವಳ ಹೆಗಲ ಪಕ್ಕದಿಂದ ಕೈ ಚಾಚಿ ಗುಂಡಿ ಒತ್ತಿದಳು. ಪರದೆಯ ಮೇಲೆ ಪುಟ್ಟ ವೃತ್ತ ತಿರುಗಿತು. ಎಂದಿಗಿಂತ ಹೆಚ್ಚು ಹೊತ್ತು ತಿರುಗಿತೇನೋ, ರಾಜಶ್ರೀ ಹುಬ್ಬು ಕೂಡಿಸಿದಳು. ಆಮೇಲೆ ಒಂದು ಸಾಲು ಮೂಡಿತು: ಸರ್ವರ್ ಸಿಗುತ್ತಿಲ್ಲ.

"ಇವತ್ತ ಬ್ಯಾರೆ ಬಂತಲ್ರಿ? ದಿನಾ ಹೆಸರು ಇಲ್ಲ ಅಂತ ಬರತಿತ್ತು." ಅವಳು ಇನ್ನೊಮ್ಮೆ ಒತ್ತಿದಳು. ಅದೇ ಸಾಲು. ಅವಳ ಉಸಿರು ಸುಧಾರಾಣಿಯ ಕಿವಿಗೆ ತಾಗುತ್ತಿತ್ತು. "ಹಿಂಗ ಬಂದ್ರೂ ಬರಕೊಂಡಿರತೈತಿ, ಅಲ್ರಿ ಅಕ್ಕಾರ?"

ಗುತ್ತೆವ್ವ ಕಂಬಕ್ಕೆ ಒರಗಿ ಇವರಿಬ್ಬರನ್ನೂ ನೋಡುತ್ತ ನಿಂತಿದ್ದಳು. ಸುಧಾರಾಣಿ ಖಾಲಿ ಕಪ್ಪನ್ನು ಬಸಿಯ ಮೇಲೆ ಸದ್ದಾಗದಂತೆ ಇಟ್ಟಳು.

"ಹೂಂ," ಎಂದಳು. "ಬರಕೊಂಡಿರತೈತಿ."

ರಾಜಶ್ರೀ ಗೋಡೆಯ ಗಡಿಯಾರ ನೋಡಿ, ಹೊತ್ತು ಮನಸ್ಸಿನಲ್ಲಿ ಇಟ್ಟುಕೊಂಡು, ಮತ್ತೊಮ್ಮೆ ಒತ್ತಿದಳು.